ಹಿಂದಿನ ಶತಮಾನಗಳ ಲೇಖಕರು ಪತ್ರಿಕೆ ಓದುತ್ತಿದ್ದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ ಈ ವಿಷಯ ಮಾತನಾಡಿದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳುವವರಲ್ಲಿ ಹೆಚ್ಚಿನವರು ಕತೆ, ಕವಿತೆ ಬರೆಯುವ ಆಸೆಯುಳ್ಳ ಹುಡುಗ ಹುಡುಗಿಯರು. ಉಳಿದವರು ಬೆಳಗಿನ ಪತ್ರಿಕೆ ಇಲ್ಲದೆ ದಿನ ಆರಂಭಿಸಲಾಗದ ಹಿರಿಯರು. ಇಬ್ಬರಿಗೂ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಲೇಖಕರು ಪತ್ರಿಕೆ ಹೇಗೆ ಓದಿದರು ಎಂಬುದು ಅಷ್ಟೊಂದು ಮುಖ್ಯವೇ? ಅವರ ಪುಸ್ತಕ ಓದಿದರೆ ಸಾಲದೇ?

ಪುಸ್ತಕ ಓದಲೇಬೇಕು. ಆದರೆ ಎಷ್ಟೋ ದೊಡ್ಡ ಪುಸ್ತಕಗಳ ಬೇರು ಇರುವುದು ಪತ್ರಿಕೆಯ ಒಂದು ಮೂಲೆಯಲ್ಲಿ. ಫ್ರಾನ್ಸಿನ ಸ್ತಾಂಧಾಲ್ 1830ರಲ್ಲಿ ಪ್ರಕಟಿಸಿದ 'ಕೆಂಪು ಮತ್ತು ಕಪ್ಪು' ಕಾದಂಬರಿಯ ಹಿಂದೆ ಆಂತ್ವಾನ್ ಬೆರ್ತೆ ಎಂಬ ಯುವಕನ ಮೊಕದ್ದಮೆ ಇದೆ. ಬಡ ಮನೆಯ ಹುಡುಗ; ಸಿರಿವಂತರ ಮನೆಯಲ್ಲಿ ಪಾಠ ಹೇಳುತ್ತಿದ್ದವನು; ಕೊನೆಗೆ ಚರ್ಚಿನಲ್ಲಿ ಆ ಮನೆಯೊಡತಿಯ ಮೇಲೆಯೇ ಗುಂಡು ಹಾರಿಸಿದ. ನ್ಯಾಯಾಲಯದ ವರದಿಗಳಿಗೆ ಮೀಸಲಾಗಿದ್ದ ಪತ್ರಿಕೆಯೊಂದು 1827ರ ಡಿಸೆಂಬರಿನಲ್ಲಿ ವಿಚಾರಣೆಯ ವಿವರಗಳನ್ನು ಅಚ್ಚು ಹಾಕಿತು. ಆ ವರದಿಯನ್ನು ಆಗ ಎಷ್ಟು ಜನ ಓದಿ ಮಡಿಸಿಟ್ಟರೋ! ಒಬ್ಬ ಮಾತ್ರ ಅದರೊಳಗೆ ಒಂದು ಇಡೀ ದೇಶದ ಮೇಲು ಕೀಳುಗಳನ್ನು ಕಂಡ. ಆ ಕಣ್ಣು ಹೇಗೆ ಕೆಲಸ ಮಾಡಿತು ಎಂಬುದು ತಿಳಿಯಬೇಕಾದರೆ ಓದಿನ ಅಭ್ಯಾಸವನ್ನೇ ನೋಡಬೇಕು.

ಅವರ ಮನೆಗೆ ದಿನವೂ ಪತ್ರಿಕೆ ಬರುತ್ತಿತ್ತೇ?

ಬಹುಪಾಲು ಇಲ್ಲ. ಲಂಡನ್ನಿನ ಮೊದಲ ದಿನಪತ್ರಿಕೆ ಹೊರಟದ್ದು 1702ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1712ರಲ್ಲಿ, ಸರ್ಕಾರ ಪತ್ರಿಕೆಗಳ ಮೇಲೆ ಮುದ್ರೆ ತೆರಿಗೆ ಹೇರಿತು; ತೆರಿಗೆ ಕಟ್ಟಿದ ಗುರುತಾಗಿ ಹಾಳೆಯ ಮೇಲೆ ಸರ್ಕಾರದ ಮುದ್ರೆ ಬೀಳುತ್ತಿತ್ತು. ಅದು ಏರುತ್ತ ಏರುತ್ತ 1815ರಲ್ಲಿ ಪ್ರತಿಯೊಂದಕ್ಕೆ ನಾಲ್ಕು ಪೆನ್ನಿ ಆಯಿತು. ಪತ್ರಿಕೆಯ ಬೆಲೆ ಏಳು ಪೆನ್ನಿಗೆ ಮುಟ್ಟಿತು. ಕೂಲಿಯವನ ಮಾತಿರಲಿ, ಸಣ್ಣ ಸಂಬಳದ ಗುಮಾಸ್ತನಿಗೂ ಅದು ಕೈಗೆಟುಕದ ಬೆಲೆ. 1836ರಲ್ಲಿ ತೆರಿಗೆ ಒಂದು ಪೆನ್ನಿಗೆ ಇಳಿಯಿತು, 1855ರಲ್ಲಿ ಪೂರ್ತಿ ಹೋಯಿತು.

ಹಾಗಾಗಿ ಪತ್ರಿಕೆ ಕೈಯಿಂದ ಕೈಗೆ ಓಡಾಡುವ ವಸ್ತುವಾಗಿತ್ತು. ಕೊಳ್ಳಲಾಗದವರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಓದುತ್ತಿದ್ದರು. ಮುದ್ರೆ ಬಿದ್ದ ಪತ್ರಿಕೆಗೆ ಅಂಚೆ ವೆಚ್ಚ ಇಲ್ಲದಿದ್ದುದರಿಂದ, ಓದಿ ಮುಗಿಸಿದವರು ಅದನ್ನೇ ದೂರದೂರಿನ ನೆಂಟರಿಗೆ ಕಳಿಸುತ್ತಿದ್ದರು. ಕೆಲವರು ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿ, ಆ ಅಕ್ಷರಗಳನ್ನು ಕೂಡಿಸಿದರೆ ತಮ್ಮ ಸಂದೇಶ ಬರುವಂತೆ ಮಾಡಿ, ಕಾಗದದ ಖರ್ಚನ್ನೇ ಉಳಿಸುತ್ತಿದ್ದರು.

ಜೇನ್ ಆಸ್ಟಿನ್ ಈ ಎರವಲು ಓದನ್ನು ಎಷ್ಟು ಹತ್ತಿರದಿಂದ ನೋಡಿದ್ದಳು ಎಂಬುದಕ್ಕೆ 1814ರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಯಲ್ಲಿ ಒಂದು ಸನ್ನಿವೇಶ ಇದೆ. ಸಿರಿವಂತ ನೆಂಟರ ಮನೆಯಲ್ಲಿ ಬೆಳೆದ ಮಗಳು ಫ್ಯಾನಿ ವರ್ಷಗಳ ನಂತರ ಹೆತ್ತವರ ಮನೆಗೆ ಬಂದಿದ್ದಾಳೆ. ತಂದೆ ಪಕ್ಕದ ಮನೆಯಿಂದ ರೂಢಿಯಂತೆ ಎರವಲು ತಂದ ಪತ್ರಿಕೆ ಹಿಡಿದು ಕೂರುತ್ತಾನೆ. ಮನೆಯಲ್ಲಿ ಉರಿಯುತ್ತಿರುವುದು ಒಂದೇ ಮೇಣದ ಬತ್ತಿ. ಅದನ್ನು ತನಗೂ ಪತ್ರಿಕೆಗೂ ನಡುವೆ ಇಟ್ಟುಕೊಳ್ಳುತ್ತಾನೆ; ಮಗಳಿಗೆ ಬೆಳಕು ಬೇಕೇ ಎಂಬ ಯೋಚನೆಯೇ ಅವನಿಗಿಲ್ಲ. ಆ ಮನೆಯಲ್ಲಿ ಯಾರಿಗೆ ಯಾವ ಸ್ಥಾನ ಎಂಬುದನ್ನು ಆಸ್ಟಿನ್ ಒಂದು ಪತ್ರಿಕೆ, ಒಂದು ಬತ್ತಿಯಲ್ಲಿ ಹೇಳಿ ಮುಗಿಸಿದಳು. ಮುಂದೆ ಅದೇ ಕಾದಂಬರಿಯಲ್ಲಿ, ಅದೇ ತಂದೆಯ ಪತ್ರಿಕೆಯಿಂದಲೇ, ಫ್ಯಾನಿಗೆ ತಾನು ಬೆಳೆದ ಮನೆಯ ಮಾನ ಹೋದ ಸುದ್ದಿ ತಿಳಿಯುತ್ತದೆ.

ಕಾಫಿಗೂ ಪತ್ರಿಕೆಗೂ ನಂಟು ಹಳೆಯದೇ?

ಚಿಕ್ಕಮಗಳೂರಿನಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ, ಬರಬೇಕಾದ್ದೇ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರೆಂದು ನಮ್ಮ ಐತಿಹ್ಯ ಹೇಳುವುದು ಹದಿನೇಳನೆಯ ಶತಮಾನದ ಮಾತು. ಅದೇ ಶತಮಾನದಲ್ಲಿ, 1652ರಲ್ಲಿ, ಲಂಡನ್ನಿನಲ್ಲಿ ಮೊದಲ ಕಾಫಿ ಮನೆ ತೆರೆಯಿತು. ಒಂದು ಪೆನ್ನಿ ಕೊಟ್ಟರೆ ಒಂದು ಬಟ್ಟಲು ಕಾಫಿ, ಮೇಜಿನ ಮೇಲಿದ್ದ ಪತ್ರಿಕೆ ಓದುವ ಅವಕಾಶ, ಜೊತೆಗೆ ಕೂತವರೊಡನೆ ವಾದ. ಇಲ್ಲಿ ಜನ ಸೇರಿ ತನ್ನ ವಿರುದ್ಧ ಮಾತನಾಡುತ್ತಾರೆಂದು ಎರಡನೆಯ ಚಾರ್ಲ್ಸ್ ದೊರೆ 1675ರ ಡಿಸೆಂಬರಿನ ಕೊನೆಯಲ್ಲಿ ಕಾಫಿ ಮನೆಗಳನ್ನು ಮುಚ್ಚಲು ಆಜ್ಞೆ ಹೊರಡಿಸಿದ. ಜನರ ಕೂಗು ಎಷ್ಟು ಜೋರಾಯಿತೆಂದರೆ ಜನವರಿಯ ಮೊದಲ ದಿನಗಳಲ್ಲೇ ಅದನ್ನು ಹಿಂತೆಗೆದುಕೊಂಡ.

ರಿಚರ್ಡ್ ಸ್ಟೀಲ್ 1709ರಲ್ಲಿ 'ಟ್ಯಾಟ್ಲರ್' ಪತ್ರಿಕೆ ಆರಂಭಿಸಿದಾಗ ಕಾಫಿ ಮನೆಗಳ ಹೆಸರಿನಲ್ಲೇ ಅಂಕಣಗಳನ್ನು ವಿಂಗಡಿಸಿದ: ಕಾವ್ಯದ ಮಾತು ಒಂದು ಕಾಫಿ ಮನೆಯಿಂದ, ವಿದ್ವತ್ತಿನದು ಇನ್ನೊಂದರಿಂದ, ವಿದೇಶದ ಸುದ್ದಿ ಮತ್ತೊಂದರಿಂದ. ಎರಡು ವರ್ಷದ ಮೇಲೆ ಅವನ ಗೆಳೆಯ ಅಡಿಸನ್ 'ಸ್ಪೆಕ್ಟೇಟರ್' ಪತ್ರಿಕೆಯ ಬಗ್ಗೆ ಒಂದು ಲೆಕ್ಕ ಕೊಟ್ಟ. ದಿನಕ್ಕೆ 3000 ಪ್ರತಿ ಹೋಗುತ್ತಿದೆ, ಪ್ರತಿಯೊಂದನ್ನು 20 ಜನ ಓದುತ್ತಾರೆಂದು ಇಟ್ಟುಕೊಂಡರೆ 60,000 ಓದುಗರು. ಇದು ಸಂಪಾದಕನೊಬ್ಬನ ಉತ್ಸಾಹದ ಲೆಕ್ಕವೇ ಇರಬಹುದು. ಆದರೂ ಒಂದು ಪ್ರತಿಗೆ ಇಪ್ಪತ್ತು ಜನ ಎಂಬ ಊಹೆ ಆ ಕಾಲದವರಿಗೆ ಅಸಹಜವಾಗಿ ಕಾಣಲಿಲ್ಲ. ನಮ್ಮ ಹೋಟೆಲುಗಳಲ್ಲಿ ಹಾಳೆ ಹಾಳೆಯಾಗಿ ಬೇರ್ಪಟ್ಟು ಮೇಜಿನಿಂದ ಮೇಜಿಗೆ ಹೋಗುವ ಪತ್ರಿಕೆಯನ್ನು ಕಂಡವರಿಗಂತೂ ಅದು ನಂಬುವ ಮಾತೇ.

ಊರಿಂದ ದೂರ, ಬೆಟ್ಟಗುಡ್ಡಗಳ ನಡುವೆ ಇದ್ದ ಲೇಖಕರ ಪಾಡೇನು?

ಕಾಯುವುದು. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಬಸ್ಸಿನಲ್ಲಿ ಬರುವ ಪೇಪರ್ ಕಟ್ಟಿಗಾಗಿ ಕಾದವರಿಗೆ ಈ ಕತೆ ಹೆಚ್ಚು ಅರ್ಥವಾಗುತ್ತದೆ.

ಕವಿ ವರ್ಡ್ಸ್‌ವರ್ತ್ ಇದ್ದದ್ದು ಇಂಗ್ಲೆಂಡಿನ ಸರೋವರ ಸೀಮೆಯ ಗ್ರಾಸ್ಮಿಯರ್ ಎಂಬ ಹಳ್ಳಿಯಲ್ಲಿ. ಸ್ಪೇನ್‌ನಲ್ಲಿ ನೆಪೋಲಿಯನ್ನನ ಸೈನ್ಯದ ವಿರುದ್ಧ ಯುದ್ಧ ನಡೆಯುತ್ತಿದ್ದ ಕಾಲ. ಲಂಡನ್ ಪತ್ರಿಕೆ ಕೆಸ್ವಿಕ್ ಕಡೆಯಿಂದ ಗಾಡಿಯಲ್ಲಿ ಬರಬೇಕು. ತಡೆಯಲಾರದೆ ವರ್ಡ್ಸ್‌ವರ್ತ್ ಮತ್ತು ಅವನ ಲೇಖಕ ಗೆಳೆಯ ಡಿ ಕ್ವಿನ್ಸಿ ನಡುರಾತ್ರಿಯಲ್ಲಿ ಕಣಿವೆಯ ದಾರಿ ಹಿಡಿದು ಗಾಡಿಗೆ ಎದುರಾಗಿ ಹೋಗುತ್ತಿದ್ದರು. ಒಂದು ರಾತ್ರಿ ಗಾಡಿಯ ಸುಳಿವೇ ಇಲ್ಲ. ಕವಿ ರಸ್ತೆಯಲ್ಲಿ ಮಲಗಿ ನೆಲಕ್ಕೆ ಕಿವಿಗೊಟ್ಟ, ಚಕ್ರದ ಸದ್ದು ಕೇಳೀತೇ ಎಂದು. ಕೇಳಲಿಲ್ಲ. ನಿರಾಸೆಯಿಂದ ಎದ್ದವನ ಕಣ್ಣಿಗೆ ಬೆಟ್ಟದ ನೆತ್ತಿಯ ಮೇಲೆ ಹೊಳೆಯುತ್ತಿದ್ದ ಒಂದು ನಕ್ಷತ್ರ ಬಿತ್ತು. ಅದು ತನ್ನೊಳಕ್ಕೆ ಇಳಿದ ರೀತಿ ಕಂಡು ಬೆರಗಾದ ಅವನು ಗೆಳೆಯನಿಗೆ ವಿವರಿಸಿದ: ಮನಸ್ಸು ಒಂದರ ಮೇಲೆ ಬಿಗಿಯಾಗಿ ನೆಟ್ಟು, ಆ ಬಿಗಿ ಸಡಿಲುವ ಗಳಿಗೆಯಲ್ಲಿ ಎದುರಿಗೆ ಬಂದ ಚೆಲುವು ಬೇರೆ ಯಾವಾಗಲೂ ಇಲ್ಲದ ಬಲದಿಂದ ತಾಕುತ್ತದೆ. ಡಿ ಕ್ವಿನ್ಸಿ ಇದನ್ನು ದಾಖಲಿಸಿದ್ದಾನೆ. ಪತ್ರಿಕೆ ಬಾರದ ರಾತ್ರಿಯೊಂದು ಕಾವ್ಯಮೀಮಾಂಸೆಗೆ ಇಷ್ಟು ಕೊಟ್ಟ ಉದಾಹರಣೆ ಇನ್ನೊಂದು ನನಗೆ ಕಂಡಿಲ್ಲ. ಬಂದ ಪತ್ರಿಕೆಗಳೂ ವ್ಯರ್ಥವಾಗಲಿಲ್ಲ: ಆ ಯುದ್ಧದ ಒಪ್ಪಂದವನ್ನು ಖಂಡಿಸಿ ಅವನು 1809ರಲ್ಲಿ ಒಂದು ದೀರ್ಘ ಪ್ರಬಂಧವನ್ನೇ ಪ್ರಕಟಿಸಿದ.

ಅವನಿಗಿಂತ ಹಿಂದೆ, ಓಲ್ನಿ ಎಂಬ ಸಣ್ಣ ಊರಿನಲ್ಲಿದ್ದ ವಿಲಿಯಂ ಕೂಪರ್ 1785ರ ತನ್ನ ದೀರ್ಘ ಕಾವ್ಯದಲ್ಲಿ ಪತ್ರಿಕೆ ಬರುವ ಚಳಿಗಾಲದ ಸಂಜೆಯನ್ನು ಹಾಡಿದ್ದಾನೆ. ಅಂಚೆಯವನು ಸೇತುವೆಯ ಮೇಲೆ ಕಹಳೆ ಊದುತ್ತ ಬರುತ್ತಾನೆ. ಅವನ ಚೀಲದಲ್ಲಿ ಒಬ್ಬರಿಗೆ ಸಾವಿನ ಸುದ್ದಿ, ಇನ್ನೊಬ್ಬರಿಗೆ ಮದುವೆಯ ಸುದ್ದಿ; ಅವನಿಗೆ ಎರಡೂ ಒಂದೇ. ಮನೆಯಲ್ಲಿ ಬೆಂಕಿ ಕೆದಕಿ, ಕಿಟಕಿ ಮುಚ್ಚಿ, ಚಹಾ ಕುದಿಯುವ ಸದ್ದಿನ ನಡುವೆ ನಾಲ್ಕು ಪುಟದ ಪತ್ರಿಕೆ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ 1889ರವರೆಗೆ ನಡೆದ ಅಂಚೆಯಲ್ಲಿ ಕಹಳೆಯ ಬದಲು ಓಟಗಾರನ ಕೋಲಿನ ಗೆಜ್ಜೆಯ ಸದ್ದಿತ್ತು.

ಗಟ್ಟಿಯಾಗಿ ಓದುತ್ತಿದ್ದರೇ, ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರೇ?

ಎರಡೂ ಇತ್ತು. ಮನೆಯಲ್ಲಿ, ಅಂಗಡಿಯಲ್ಲಿ, ಕಾಫಿ ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವುದು ಬಹಳ ಕಾಲ ನಡೆಯಿತು, ನಮ್ಮ ಹಳ್ಳಿ ಜಗಲಿಗಳಲ್ಲಿ ಇನ್ನೂ ಹೆಚ್ಚು ಕಾಲ. ಅಕ್ಷರ ಬಾರದವರೂ ಸುದ್ದಿಯ ಓದುಗರಾಗಿದ್ದದ್ದು ಹೀಗೆ.

ಒಂದು ಸಣ್ಣ ಸುದ್ದಿ ಕತೆಯಾಗುವುದು ಹೇಗೆ?

ಇದಕ್ಕೆ ರಷ್ಯಾದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿಗಿಂತ ಒಳ್ಳೆಯ ಗುರು ಇಲ್ಲ. 1867ರಿಂದ 1871ರವರೆಗೆ ಸಾಲಗಾರರಿಗೆ ಹೆದರಿ ಹೊರದೇಶಗಳಲ್ಲಿ ಅಲೆದಾಡಿದಾಗ ಅವನನ್ನು ರಷ್ಯಾದೊಡನೆ ಕಟ್ಟಿಹಾಕಿದ್ದು ಪತ್ರಿಕೆಗಳು. ಜಿನೀವಾದಲ್ಲಿ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲೂ ರಷ್ಯನ್ ಪತ್ರಿಕೆ ತರಿಸುತ್ತಿದ್ದ ಕೆಫೆಗೆ ಹೋಗಿ ಕೂರುತ್ತಿದ್ದ. ದಿನವೂ ಮೂರು ರಷ್ಯನ್ ಪತ್ರಿಕೆಗಳನ್ನು ಕೊನೆಯ ಸಾಲಿನವರೆಗೆ ಓದುತ್ತೇನೆ ಎಂದು ಗೆಳೆಯನಿಗೆ ಬರೆದ. ಆ 'ಕೊನೆಯ ಸಾಲಿನವರೆಗೆ' ಎಂಬುದನ್ನು ಗಮನಿಸಿ. 1869ರಲ್ಲಿ ಮಾಸ್ಕೋದ ವಿದ್ಯಾರ್ಥಿಯೊಬ್ಬನನ್ನು ಅವನದೇ ಗುಪ್ತ ಗುಂಪಿನವರು ಕೊಂದ ಸುದ್ದಿಯಿಂದ ಒಂದು ಮಹಾ ಕಾದಂಬರಿಯೇ ಹುಟ್ಟಿತು.

ನನಗೆ ಅದಕ್ಕಿಂತ ಹತ್ತಿರವಾದದ್ದು 1876ರ ಎರಡು ಸುದ್ದಿಗಳು. ಒಂದು: ಪೀಟರ್ಸ್‌ಬರ್ಗಿನಲ್ಲಿ ಕೆಲಸ ಸಿಗದ ಬಡ ಹೊಲಿಗೆಯ ಹೆಣ್ಣುಮಗಳೊಬ್ಬಳು ದೇವರ ಪಟವನ್ನು ಎದೆಗವುಚಿಕೊಂಡು ಕಿಟಕಿಯಿಂದ ಹಾರಿ ಸತ್ತಳು. ಪತ್ರಿಕೆಯಲ್ಲಿ ಕೆಲವೇ ಸಾಲು. ಆ ಪಟ ದೊಸ್ತೊಯೆವ್‌ಸ್ಕಿಯನ್ನು ಬಿಡಲಿಲ್ಲ. ಸಾಯಲು ಹೊರಟವಳು ದೇವರನ್ನೇಕೆ ಕೈಯಲ್ಲಿ ಹಿಡಿದಳು? ಸಿಟ್ಟಿಲ್ಲ, ದೂರಿಲ್ಲ, ಶಾಪವಿಲ್ಲ. ಕೆಲವೇ ವಾರಗಳಲ್ಲಿ ಅದು ಒಂದು ಕತೆಯಾಯಿತು. ಅಲ್ಲಿ ಹೆಂಡತಿಯ ಹೆಣದ ಪಕ್ಕದಲ್ಲಿ ಗಿರವಿ ವ್ಯಾಪಾರಿ ಗಂಡ ಅತ್ತಿಂದಿತ್ತ ನಡೆಯುತ್ತ, ಇದು ಹೇಗಾಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹೊಲಿಗೆಯವಳ ಬದುಕಿನ ಬೇರೆ ಯಾವ ವಿವರವನ್ನೂ ಲೇಖಕ ಎತ್ತಿಕೊಂಡಿಲ್ಲ. ಪಟ, ಕಿಟಕಿ, ಮೌನ ಮಾತ್ರ ತೆಗೆದುಕೊಂಡ.

ಇನ್ನೊಂದು: ಕೊರ್ನಿಲೋವಾ ಎಂಬ ಬಸುರಿ ಹೆಂಗಸು ಆರು ವರ್ಷದ ಮಲಮಗಳನ್ನು ನಾಲ್ಕನೆಯ ಮಹಡಿಯ ಕಿಟಕಿಯಿಂದ ಕೆಳಕ್ಕೆ ತಳ್ಳಿ, ತಾನೇ ಪೊಲೀಸ್ ಠಾಣೆಗೆ ಹೋದಳು. ಮಗು ಬದುಕಿತು. ನ್ಯಾಯಾಲಯ ಅವಳಿಗೆ ಕಠಿಣ ಶಿಕ್ಷೆ, ಸೈಬೀರಿಯ ವಾಸ ವಿಧಿಸಿತು. ಬಸುರಿನ ಹೊತ್ತಿನ ಮನಸ್ಸಿನ ಏರುಪೇರನ್ನು ಯಾರೂ ತೂಗಿ ನೋಡಲಿಲ್ಲ ಎಂದು ದೊಸ್ತೊಯೆವ್‌ಸ್ಕಿ ತನ್ನ ಮಾಸಿಕದಲ್ಲಿ ಬರೆದ. ಸೆರೆಮನೆಗೆ ಹೋಗಿ ಅವಳನ್ನು ಕಂಡ. ತೀರ್ಪು ರದ್ದಾಗಿ, 1877ರ ಏಪ್ರಿಲ್‌ನಲ್ಲಿ ಮರು ವಿಚಾರಣೆ ನಡೆದು ಅವಳ ಬಿಡುಗಡೆಯಾಯಿತು. ಪತ್ರಿಕೆಯ ಓದುಗನೊಬ್ಬ ಒಂದು ಸುದ್ದಿಯನ್ನು ಮರೆಯಲು ಒಪ್ಪದಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅಮೆರಿಕದ ಲೇಖಕ ಥೋರೋ, ಜರ್ಮನಿಯ ಕವಿ ಗಯಟೆ ಮೊದಲಾದವರು ಪತ್ರಿಕೆಯೇ ಬೇಡ ಎಂದರಲ್ಲವೇ?

ಹೇಳಿದರು, ಆದರೆ ಅರ್ಧ ಮಾತ್ರ ಕೇಳಿಸಿಕೊಂಡು ಬಿಡಬಾರದು. ಒಂದು ಕೊಲೆ, ಒಂದು ಬೆಂಕಿ ಅನಾಹುತದ ಸುದ್ದಿ ಓದಿದ ಮೇಲೆ ಇನ್ನೊಂದು ಬೇಕಿಲ್ಲ ಎಂದು ಥೋರೋ 1854ರ 'ವಾಲ್ಡನ್'ನಲ್ಲಿ ಬರೆದದ್ದು ನಿಜ. ಅದೇ ಪುಸ್ತಕದಲ್ಲಿ, ಗುಡಿಸಲಿಗೆ ಮರ ಕಡಿಯುತ್ತಿದ್ದ ದಿನಗಳಲ್ಲಿ ಬುತ್ತಿ ಸುತ್ತಿ ತಂದಿದ್ದ ಪತ್ರಿಕೆಯ ತುಂಡನ್ನು ನಡುಮಧ್ಯಾಹ್ನ ಪೈನ್ ಕೊಂಬೆಗಳ ನಡುವೆ ಕೂತು ಓದುತ್ತಿದ್ದೆ ಎಂದೂ ಬರೆದಿದ್ದಾನೆ. ಕಡಲೆಕಾಯಿ ತಿಂದು ಪೊಟ್ಟಣದ ಕಾಗದವನ್ನು ಬಿಡಿಸಿ ಓದದ ಕನ್ನಡಿಗರು ಯಾರಿದ್ದಾರೆ? ಗುಲಾಮಗಿರಿಯ ವಿರುದ್ಧ ದಂಗೆಯೆದ್ದ ಜಾನ್ ಬ್ರೌನ್ 1859ರಲ್ಲಿ ಸೆರೆಸಿಕ್ಕಾಗ ಇದೇ ಥೋರೋ ಒಂದು ವಾರ ಕೈಗೆ ಸಿಕ್ಕ ಪತ್ರಿಕೆಗಳನ್ನೆಲ್ಲ ಓದಿದ. ಅವುಗಳಲ್ಲಿ ಒಂದಾದರೂ ಆ ಜನರ ಬಗ್ಗೆ ಅನುಕಂಪದ ಮಾತು ಆಡಲಿಲ್ಲ ಎಂದು ತನ್ನ ಪ್ರಸಿದ್ಧ ಭಾಷಣದಲ್ಲಿ ಸಿಡಿದ. ಪತ್ರಿಕೆಯನ್ನು ಓದದವನಿಗೆ ಆ ಸಿಟ್ಟು ಬರಲು ಸಾಧ್ಯವಿರಲಿಲ್ಲ.

ಗಯಟೆ ಪ್ಯಾರಿಸಿನ 'ಗ್ಲೋಬ್' ಪತ್ರಿಕೆಯನ್ನು ಆಸೆಯಿಂದ ಓದುತ್ತಿದ್ದವನು. 1830ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಕೆಲವು ವಾರ ಪತ್ರಿಕೆಗಳನ್ನು ಬಿಚ್ಚದೆಯೇ ಬದಿಗಿಟ್ಟ. ಎದುರಿಗೆ ತನ್ನ 'ಫೌಸ್ಟ್' ನಾಟಕದ ಎರಡನೆಯ ಭಾಗ ಮುಗಿಯದೆ ಕೂತಿತ್ತು. ಕೆಲಸಕ್ಕಾಗಿ ತೊಟ್ಟ ವ್ರತ ಅದು. ಪರೀಕ್ಷೆಗೆ ಕೂರುವವರಿಗೂ ಕಾದಂಬರಿ ಮುಗಿಸುವವರಿಗೂ ನಾನು ಅದನ್ನೇ ಹೇಳುವುದು: ಬೇಕಾದಾಗ ಬಿಡಿ, ಆದರೆ ಬಿಡಲು ಮೊದಲು ಓದುವ ಅಭ್ಯಾಸ ಇರಬೇಕು.

ಜಾಹೀರಾತುಗಳನ್ನೂ ಓದುತ್ತಿದ್ದರೇ?

ಶ್ರದ್ಧೆಯಿಂದ. ಸ್ಯಾಮ್ಯುಯೆಲ್ ಜಾನ್ಸನ್ 1759ರಲ್ಲಿ ಜಾಹೀರಾತುಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, ದೊಡ್ಡ ದೊಡ್ಡ ಭರವಸೆಯೇ ಜಾಹೀರಾತಿನ ಆತ್ಮ ಎಂದ. ನಮ್ಮಲ್ಲಿ ಶ್ರದ್ಧಾಂಜಲಿ, 'ಕಾಣೆಯಾಗಿದ್ದಾರೆ', ಕೋರ್ಟು ಪ್ರಕಟಣೆ, ತೋಟ ಮಾರಾಟದ ಪ್ರಕಟಣೆಗಳನ್ನು ಓದದೆ ಪುಟ ತಿರುಗಿಸುವವರು ಜಿಲ್ಲೆಯ ಅರ್ಧ ಕತೆಯನ್ನೇ ಬಿಟ್ಟಂತೆ.

ಕನ್ನಡದಲ್ಲಿ ಪತ್ರಿಕೆ ಯಾವಾಗ ಶುರುವಾಯಿತು?

ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ 'ಮಂಗಳೂರ ಸಮಾಚಾರ'ದಿಂದ. ಅದು ಪಾಕ್ಷಿಕ. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಮೈಸೂರಿನಲ್ಲಿ 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರ 'ಮೈಸೂರು ವೃತ್ತಾಂತ ಬೋಧಿನಿ', ಆಮೇಲೆ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಬಂದವು. 1908ರ ಪತ್ರಿಕಾ ಕಾಯಿದೆ ಸಂಸ್ಥಾನದ ಪತ್ರಿಕೆಗಳ ಕತ್ತು ಹಿಸುಕಿತು. ಡಿ.ವಿ.ಜಿ.ಯವರಂಥವರು ಪತ್ರಿಕೆ ಓದಿದವರಷ್ಟೇ ಅಲ್ಲ, ಅದನ್ನು ನಡೆಸಿ ಅದರ ಕಷ್ಟ ಉಂಡವರು.

ಓದುಗರಾಗಿ ಗಾಂಧೀಜಿಯವರ ಮಾತೊಂದು ಇಲ್ಲಿ ನೆನಪಾಗುತ್ತದೆ. ಭಾರತದಲ್ಲಿದ್ದಾಗ ಪತ್ರಿಕೆಯನ್ನೇ ಓದಿರಲಿಲ್ಲ, 1888ರಲ್ಲಿ ಲಂಡನ್ನಿಗೆ ಹೋದ ಮೇಲೆ ದಿನಕ್ಕೆ ಮೂರು ಪತ್ರಿಕೆ ನೋಡುವ ರೂಢಿ ಮಾಡಿಕೊಂಡೆ, ಅದಕ್ಕೆ ಒಂದು ಗಂಟೆಯೂ ಹಿಡಿಯುತ್ತಿರಲಿಲ್ಲ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಬಾರಿ ಪತ್ರಿಕೆ ಹಿಡಿದವರು ಮುಂದೆ ಎಷ್ಟು ಪತ್ರಿಕೆಗಳನ್ನು ನಡೆಸಿದರು ನೋಡಿ.

ಹಾಸನಕ್ಕೆ ಸೇರಿದ ಲೇಖಕರು ಯಾರಾದರೂ ಈ ಕತೆಯಲ್ಲಿ ಇದ್ದಾರೆಯೇ?

ಇದ್ದಾರೆ. ರಾಜಾ ರಾವ್ 1908ರಲ್ಲಿ ಹಾಸನದಲ್ಲಿ ಹುಟ್ಟಿದವರು. ಫ್ರಾನ್ಸಿನಲ್ಲಿದ್ದುಕೊಂಡು ಧಾರವಾಡದ 'ಜಯಕರ್ನಾಟಕ'ಕ್ಕೆ ಕನ್ನಡದಲ್ಲಿ ಬರೆದರು. 1938ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕಾದಂಬರಿ 'ಕಾಂತಾಪುರ' ನಡೆಯುವುದು ಮಲೆನಾಡಿನ ಕಾಫಿ ಸೀಮೆಯ ಹಳ್ಳಿಯಲ್ಲಿ. ಅಲ್ಲಿ ರಂಗಮ್ಮ ಎಂಬ ವಿಧವೆಯ ಮನೆಗೆ ಪಟ್ಟಣದಿಂದ 'ತಾಯಿನಾಡು', 'ವಿಶ್ವಕರ್ನಾಟಕ' ಮೊದಲಾದ ಪತ್ರಿಕೆಗಳು ಬರುತ್ತವೆ. ಅವುಗಳನ್ನು ಓದಿ ಆಕೆ ಊರ ಹೆಂಗಸರಿಗೆ ಹೇಳುತ್ತಾಳೆ: ಅಳುವ ಗಿಡಗಳು, ಮನುಷ್ಯರಾದ ಮಂಗಗಳು, ಧೂಳಿನಷ್ಟು ಸಣ್ಣಗಿದ್ದು ರಕ್ತ ಸೇರಿ ಪ್ಲೇಗು ಕಾಲರಾ ತರುವ ಹುಳುಗಳು, ಆಕಾಶ ನೋಡುವ ಕೊಳವೆಗಳು. ಕೇಳಿದವರ ಬಾಯಲ್ಲಿ ಆ ವಿಜ್ಞಾನ ಪುರಾಣದ ಲಯಕ್ಕೆ ತಿರುಗುತ್ತದೆ. ಪತ್ರಿಕೆ ಓದುವ ಹೆಣ್ಣೊಬ್ಬಳು ಊರನ್ನು ಹೇಗೆ ಬದಲಿಸುತ್ತಾಳೆ ಎಂಬುದನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ ಪುಟಗಳು ವಿರಳ. ಆಸ್ಟಿನ್‌ಳ ಫ್ಯಾನಿಗೆ ಬತ್ತಿಯ ಬೆಳಕೂ ಸಿಗಲಿಲ್ಲ. ರಂಗಮ್ಮನ ಜಗಲಿಯಲ್ಲಿ ಪತ್ರಿಕೆ ಅವಳದೇ. ಹಾಸನದ ಓದುಗರು ಈ ಎರಡು ದೃಶ್ಯಗಳನ್ನು ಒಟ್ಟಿಗೆ ಓದಬೇಕೆಂದು ನನ್ನ ಬಯಕೆ.

ತೇಜಸ್ವಿಯವರ ಹೆಸರೇ ಇಲ್ಲವಲ್ಲ?

ಮೂಡಿಗೆರೆಯ ಅವರು ನಮ್ಮ ಕಾಲದವರು. ಪತ್ರಿಕೆಯೊಡನೆ ಅವರ ನಂಟು ಪ್ರತ್ಯೇಕವಾಗಿಯೇ ಬರೆಯಬೇಕಾದಷ್ಟು ದೊಡ್ಡದು.

ಹಿಂದಿನ ಲೇಖಕರು ಸುದ್ದಿಗಳನ್ನು ಕತ್ತರಿಸಿ ಇಡುತ್ತಿದ್ದರೇ?

ಅನೇಕರು. ಮಾರ್ಕ್ ಟ್ವೇನ್‌ಗೆ ಈ ಗೀಳು ಎಷ್ಟಿತ್ತೆಂದರೆ, ಮೊದಲೇ ಅಂಟು ಸವರಿದ, ಒದ್ದೆ ಮಾಡಿದರೆ ಸಾಕು ತುಣುಕು ಅಂಟಿಕೊಳ್ಳುವ ಪುಸ್ತಕವೊಂದನ್ನು ಕಂಡುಹಿಡಿದು 1873ರಲ್ಲಿ ಪೇಟೆಂಟ್ ಪಡೆದ. ಕತ್ತರಿಸುವಾಗ ಪತ್ರಿಕೆಯ ಹೆಸರು, ದಿನಾಂಕ ಬರೆಯಿರಿ. ಅವಿಲ್ಲದ ತುಣುಕು ಕೆಲವು ವರ್ಷಗಳ ನಂತರ ಯಾರ ಉಪಯೋಗಕ್ಕೂ ಬರುವುದಿಲ್ಲ.

ಮೊಬೈಲಿನಲ್ಲಿ ಸುದ್ದಿ ಓದಿದರೆ ಸಾಲದೇ?

ಸುದ್ದಿ ತಿಳಿಯಲು ಸಾಕು. ಬರೆಯುವವರಿಗೆ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊಬೈಲು ನಾವು ಹಿಂದೆ ಒತ್ತಿದ್ದನ್ನೇ ಮತ್ತೆ ಮುಂದಿಡುತ್ತದೆ. ಹೊಲಿಗೆಯವಳ ಸಾವನ್ನು ದೊಸ್ತೊಯೆವ್‌ಸ್ಕಿ ಹುಡುಕಿಕೊಂಡು ಹೋಗಿರಲಿಲ್ಲ, ಕೊನೆಯ ಸಾಲಿನವರೆಗೆ ಓದುವವನಿಗೆ ಅದು ಎದುರಾಯಿತು. ಒಂದು ತಿಂಗಳು ಒಂದೇ ಪತ್ರಿಕೆಯ ಜಿಲ್ಲಾ ಪುಟವನ್ನು ಪೂರ್ತಿ ಓದಿ. ಆನೆ ದಾಳಿ, ಮೆಣಸಿನ ಧಾರಣೆ, ದೇವಸ್ಥಾನದ ಹುಂಡಿ ಎಣಿಕೆ, ಬಾವಿಗೆ ಬಿದ್ದ ಹಸು, ಎಲ್ಲವನ್ನೂ. ದಿನಕ್ಕೆ ಒಂದೇ ಸುದ್ದಿ ಆರಿಸಿ, ಅದರಲ್ಲಿ ವರದಿಗಾರ ಹೇಳದೆ ಬಿಟ್ಟದ್ದೇನು ಎಂದು ಒಂದು ಸಾಲು ಬರೆದಿಡಿ. ಮನೆಗೆ ತರಿಸಲಾಗದಿದ್ದರೆ ಸಾರ್ವಜನಿಕ ಗ್ರಂಥಾಲಯದ ಪತ್ರಿಕಾ ವಿಭಾಗ ಇದೆ.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪತ್ರಿಕೆಗಳಿವೆ. ರದ್ದಿಗೆ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಬಟ್ಟೆಯ ಚಿಂದಿಯಿಂದ ಮಾಡಿದ ಹಳೆಯ ಕಾಗದ ಶತಮಾನಗಳು ಬಾಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಪತ್ರಿಕೆಗಳು ಮರದ ತಿರುಳಿನ ಕಾಗದಕ್ಕೆ ಬಂದವು. ಅದರೊಳಗಿನ ಆಮ್ಲವೇ ಅದನ್ನು ಹಳದಿಗಟ್ಟಿಸಿ ಪುಡಿ ಮಾಡುತ್ತದೆ. ಮಲೆನಾಡಿನ ಮಳೆಗಾಲದ ತೇವ, ಬೂಷ್ಟು, ಗೆದ್ದಲು ಸೇರಿದರೆ ಇನ್ನೂ ಬೇಗ. ಅಟ್ಟದಿಂದ ಇಳಿಸಿ ನೆರಳಿನಲ್ಲಿ ಗಾಳಿಯಾಡಿಸಿ, ಬಿಸಿಲಿಗೆ ಹಾಕಬೇಡಿ. ಮಡಿಕೆ ಬಿಡಿಸಿ ಚಪ್ಪಟೆಯಾಗಿ ಇಡಿ, ಮಡಿಕೆಯಲ್ಲೇ ಕಾಗದ ಮೊದಲು ಮುರಿಯುವುದು. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಎರಡರ ಹಾನಿಯನ್ನೂ ಆಮೇಲೆ ಸರಿಪಡಿಸಲಾಗದು. ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆದು, ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣುವ ತಲೆಪಟ್ಟಿಯನ್ನು ತಪ್ಪದೆ ಸೇರಿಸಿಕೊಳ್ಳಿ. ಅಂಚಿನಲ್ಲಿ ಅಜ್ಜ ಪೆನ್ಸಿಲಿನಿಂದ ಏನಾದರೂ ಗೀಚಿದ್ದರೆ ಅದನ್ನು ಅಳಿಸದೆ, ಅದರದೇ ಹತ್ತಿರದ ಫೋಟೋ ಒಂದನ್ನು ಬೇರೆಯಾಗಿ ತೆಗೆಯಿರಿ.